ಅಪ್ಪಂದಿರ ರಂಗೋಲಿ

ಹರಿಹರದಿಂದ ದಾವಣಗೆರೆಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಈಗ ನನಗೆ ಕಿಟಕಿ ಪಕ್ಕದ ಸೀಟು ಸಿಗುತ್ತದೆ. ವರ್ಷಗಟ್ಟಲೆ ಅದು ಸಿಕ್ಕಿರಲಿಲ್ಲ. ನಾನು ಮೊದಲೇ ಹತ್ತಿ ಕೂತಿದ್ದರೂ ಮೇಡಂ ಬಂದವರೇ, "ಸರ, ಈ ಕಡೆ ಬರ್ರಿ, ನನಗೆ ಗಾಳಿ ಬೇಕು" ಎಂದು ನನ್ನನ್ನು ಎಬ್ಬಿಸಿ ಕಿಟಕಿ ಹಿಡಿಯುತ್ತಿದ್ದರು. ಗಾಳಿ ಬರೀ ನೆಪ. ಅವರಿಗೆ ಬೇಕಾಗಿದ್ದು ಕಿಟಕಿಯಾಚೆಯ ಜನ. ಬಸ್ಸು ಎಲ್ಲಿ ಒಂದು ಗಳಿಗೆ ನಿಂತರೂ ಸರಿ, ಹೂವಿನವಳಿಗೆ ಮಗಳ ಬಾಣಂತನದ ವಿಚಾರ, ಹಣ್ಣಿನವನಿಗೆ ಮಂಡಿನೋವಿನ ವಿಚಾರ ಕೇಳದೆ ಬಿಡುತ್ತಿರಲಿಲ್ಲ. ಉತ್ತರ ಅರ್ಧಕ್ಕೆ ಬರುವಷ್ಟರಲ್ಲಿ ಬಸ್ಸು ಹೊರಟುಬಿಡುತ್ತಿತ್ತು. ಉಳಿದರ್ಧವನ್ನು ಮರುದಿನ ಅದೇ ಜಾಗದಲ್ಲಿ ವಸೂಲು ಮಾಡುತ್ತಿದ್ದರು.

ನಾನು ಲೆಕ್ಕದ ಮೇಷ್ಟ್ರು, ಅವರು ಕನ್ನಡದ ಮೇಡಂ. ಇಬ್ಬರ ಮನೆಯೂ ಹರಿಹರದಲ್ಲಿ, ಕೆಲಸ ದಾವಣಗೆರೆಯ ಒಂದೇ ಹೈಸ್ಕೂಲಿನಲ್ಲಿ. ಕಳೆದ ಮೇ ತಿಂಗಳ ಕೊನೆಗೆ ಅವರು ನಿವೃತ್ತರಾದರು. ಅವರಿಗೆ ಲೆಕ್ಕವೆಂದರೆ ಆಗದು. ಮಾರ್ಕ್ಸ್ ಕೂಡಿಸುವ ಕೆಲಸ ಬಂದಾಗಲೆಲ್ಲ ಉತ್ತರಪತ್ರಿಕೆಗಳ ಕಟ್ಟು ತಾನಾಗಿಯೇ ನನ್ನ ಮೇಜಿನ ಮೇಲೆ ಬಂದು ಕೂರುತ್ತಿತ್ತು, ಜೊತೆಗೊಂದು ಖಾರ ಮಂಡಕ್ಕಿಯ ಪೊಟ್ಟಣ. ಇದು ಲಂಚ ಎಂದು ರೇಗಿಸಿದರೆ, "ಲಂಚ ಅಲ್ರೀ, ಗೌರವಧನ" ಎಂದು ನಗುತ್ತಿದ್ದರು.

ಆ ನಗುವಿನ ಬಗ್ಗೆ ಹೇಳಲೇಬೇಕು. ನನ್ನ ತರಗತಿ ಅವರ ಪಕ್ಕದ ಕೋಣೆ. ನಾನು ಗಂಭೀರವಾಗಿ ತ್ರಿಭುಜಗಳನ್ನು ಎಳೆಯುತ್ತಿರುವಾಗ ಗೋಡೆಯಾಚೆ ಅವರು ನಕ್ಕರೆ, ಕಾರಣವೇ ಗೊತ್ತಿಲ್ಲದೆ ನನ್ನ ಮಕ್ಕಳೂ ನಗುತ್ತಿದ್ದರು. ಹೆಡ್‌ಮಾಸ್ಟರು ಒಮ್ಮೆ, "ಮೇಡಂ, ಸ್ವಲ್ಪ ಸಣ್ಣಗೆ ನಗ್ರಿ" ಎಂದು ಅಧಿಕೃತವಾಗಿಯೇ ಹೇಳಿದ್ದುಂಟು. ಅದಕ್ಕೂ ಅವರು ದೊಡ್ಡದಾಗಿಯೇ ನಕ್ಕರು.

ಅವರಲ್ಲಿ ದೋಷಗಳೂ ಸಾಕಷ್ಟಿದ್ದವು. ಗುಟ್ಟು ಅವರ ಬಾಯಲ್ಲಿ ಮಧ್ಯಾಹ್ನದ ಊಟದವರೆಗೂ ನಿಲ್ಲುತ್ತಿರಲಿಲ್ಲ. ತೆಗೆದುಕೊಂಡು ಹೋದ ಕೊಡೆಯನ್ನು ವಾಪಸು ಕೊಟ್ಟ ಇತಿಹಾಸವಿಲ್ಲ. ನನ್ನ ಒಂದು ಕರಿ ಕೊಡೆ ಈಗಲೂ ಅವರ ಮನೆಯಲ್ಲೇ ಇದೆ, ಇರಲಿ.

ಪಾಠದ ವಿಷಯಕ್ಕೆ ಬಂದರೆ ಅವರಿಗೊಂದು ಅಭ್ಯಾಸವಿತ್ತು. ಮಗು ಏನೋ ಒಂದು ಅಬದ್ಧ ಬರೆದುಕೊಂಡು ಬಂದರೆ ನಾವೆಲ್ಲ ಕೆಂಪು ಪೆನ್ನು ತೆಗೆಯುತ್ತೇವೆ. ಅವರು ಕುರ್ಚಿ ಎಳೆದುಕೊಂಡು ಮಗುವಿನ ಪಕ್ಕಕ್ಕೇ ಹೋಗಿ, "ಹೆಂಗೆ ಬಂತಿದು? ದಾರಿ ತೋರ್ಸು" ಎನ್ನುತ್ತಿದ್ದರು. ಬೈಗುಳದ ಧಾಟಿಯಲ್ಲಲ್ಲ. ಗುರುತಿಲ್ಲದ ಊರಿಗೆ ಹೋದವರು ಅಲ್ಲಿಯವರನ್ನು ದಾರಿ ಕೇಳುವ ಹಾಗೆ. ಮಗು ಮೊದಲು ಹೆದರಿ, ಆಮೇಲೆ ಉತ್ಸಾಹದಿಂದ ಹೇಳತೊಡಗುತ್ತಿತ್ತು. "ತಪ್ಪಿಗೂ ಒಂದು ದಾರಿ ಇರ್ತೈತ್ರೀ ಸರ. ಆ ದಾರೀಲಿ ಹೋಗಿ ನೋಡಿದ್ರೆ ಮಗು ಎಲ್ಲಿ ನಿಂತೈತೆ ಅಂತ ಗೊತ್ತಾಗ್ತೈತೆ" ಎಂದು ಬಸ್ಸಿನಲ್ಲಿ ನನಗೆ ಹೇಳಿದ್ದರು. ನಾನು ಆಗ ಮಂಡಕ್ಕಿ ತಿನ್ನುತ್ತಿದ್ದೆ. ಮಾತು ಮಾತ್ರ ತಲೆಯಲ್ಲಿ ಉಳಿಯಿತು.

ಮಕ್ಕಳ ಕಲಿಕಾ ನ್ಯೂನತೆಯ ಬಗ್ಗೆ ಅವರು ಮೊದಲು ಕೇಳಿದ್ದು ಒಂದು ತರಬೇತಿಯಲ್ಲಿ. ಊಟದ ನಂತರದ ಅವಧಿ, ಹಾಲ್ ತುಂಬ ಮೇಷ್ಟ್ರುಗಳು ತೂಕಡಿಸುತ್ತಿದ್ದರು. ಇವರ ಪಕ್ಕದವರ ಗೊರಕೆ ಜೋರಾಗಿದ್ದರಿಂದ ತಮಗೆ ನಿದ್ದೆ ಬರಲಿಲ್ಲ, ಹಾಗಾಗಿ ಪೂರ್ತಿ ಕೇಳಬೇಕಾಯಿತು ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಬುದ್ಧಿ ಚುರುಕಾಗಿಯೇ ಇರುತ್ತದೆ, ಕಣ್ಣು ಕಿವಿ ಸರಿಯಾಗಿಯೇ ಇರುತ್ತವೆ, ಆದರೂ ಕೆಲವು ಮಕ್ಕಳಿಗೆ ಓದು ಮಾತ್ರ, ಬರಹ ಮಾತ್ರ, ಲೆಕ್ಕ ಮಾತ್ರ ಹತ್ತುವುದಿಲ್ಲ. ಅದು ಸೋಮಾರಿತನವಲ್ಲ, ದಡ್ಡತನವಲ್ಲ ಎಂದು ಅಲ್ಲಿ ಹೇಳಿದರಂತೆ. ಅಂದು ವಾಪಸು ಬರುವಾಗ ಕಿಟಕಿಯಾಚೆ ಯಾರನ್ನೂ ಮಾತಾಡಿಸದೆ ಕೂತಿದ್ದರು. "ಸರ, ಇಷ್ಟು ವರ್ಷ ನನ್ನ ಕ್ಲಾಸಿನಾಗೆ ಎಷ್ಟು ಮಕ್ಕಳು ಹಿಂಗೆ ಹೋಗಿರಬೋದು?" ಎಂದು ಒಮ್ಮೆ ಮಾತ್ರ ಕೇಳಿದರು.

ಅಲ್ಲಿಂದ ಶುರುವಾಯಿತು ಅವರ ಪತ್ತೇದಾರಿ. ಮೊದಮೊದಲು ಎಲ್ಲರಲ್ಲೂ ಅದೇ ಕಾಣುತ್ತಿತ್ತು. ಹೇಳಿದ್ದು ಒಂದು, ಬರೆಯುವುದು ಇನ್ನೊಂದು ಎಂದು ಒಬ್ಬ ಹುಡುಗನ ಹಿಂದೆ ವಾರಗಟ್ಟಲೆ ಬಿದ್ದರು. ಕೊನೆಗೆ ನೋಡಿದರೆ ಅವನ ಕಿವಿ ತುಂಬ ಗುಗ್ಗೆ. ಡಾಕ್ಟರು ತೆಗೆದ ಮೇಲೆ ಹುಡುಗ ನೆಟ್ಟಗೆ ಬರೆಯತೊಡಗಿದ. ನಾವು ಸ್ಟಾಫ್ ರೂಮಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. "ಅದಕ್ಕೇನಂತೆ? ಕಿವಿ ಕ್ಲೀನ್ ಆತಲ್ಲ" ಎಂದು ಮೇಡಂ ನಮಗಿಂತ ಜೋರಾಗಿ ನಕ್ಕರು.

ಚೈತ್ರಾ ಎಂಬ ಹುಡುಗಿ ಎಂಟನೇ ಕ್ಲಾಸಿಗೆ ನಮ್ಮಲ್ಲಿಗೆ ಬಂದದ್ದು ಆ ವರ್ಷವೇ. ಕೆ.ಬಿ. ಬಡಾವಣೆಯ ಒಂದು ಓಣಿಯಲ್ಲಿ ಮನೆ. ಅಪ್ಪ ಗೂಡ್ಸ್ ಆಟೋ ಓಡಿಸುವವರು, ಮೂಲ ಲೋಕಿಕೆರೆ. ಹುಡುಗಿ ಬಹಳ ಚೂಟಿ. ದಪ್ಪ ಚೌಕಟ್ಟಿನ ಕನ್ನಡಕ. ಸರದಿಯ ಮೇಲೆ ಪಾಠ ಓದಿಸುವಾಗ, "ಮಿಸ್, ನಾನು ಕೊನೆಗೆ ಓದ್ತೀನಿ" ಎಂದು ಕೈ ಎತ್ತಿ ಕೇಳುತ್ತಿದ್ದಳು, ಕೊನೆಯಲ್ಲಿ ನಿಂತು ನಿರರ್ಗಳವಾಗಿ ಓದುತ್ತಲೂ ಇದ್ದಳು. ಎಲ್ಲರಿಗೂ ಅವಳು ಒಳ್ಳೆಯ ಓದುಗಾರ್ತಿ.

ಮೇಡಂ ಒಂದು ದಿನ ಓದನ್ನು ಹಿಂದಿನ ಬೆಂಚಿನಿಂದ, ಅವಳಿಂದಲೇ ಶುರು ಮಾಡಿಸಿದರು. ಹೊಸ ಪಾಠ, ಹಿಂದಿನ ದಿನ ಮೇಡಂ ತಾವೇ ಒಮ್ಮೆ ಓದಿ ಹೇಳಿದ್ದಷ್ಟೆ. ಚೈತ್ರಾ ಎದ್ದು ನಿಂತಳು, ಪುಸ್ತಕ ಹಿಡಿದಳು, ಓದು ಹೊರಡಲಿಲ್ಲ. ಆಮೇಲೆ ಅವಳು ಪುಸ್ತಕದಿಂದ ಕಣ್ಣು ಎತ್ತಿ, ಪಾಠದ ಕಥೆಯನ್ನು ತನ್ನದೇ ಮಾತಿನಲ್ಲಿ ಹೇಳತೊಡಗಿದಳು. ಕಥೆಯಲ್ಲಿದ್ದ ಊರಗೌಡರಿಗೆ ಲೋಕಿಕೆರೆಯ ತನ್ನ ಅಜ್ಜನ ಮಾತು, ಕೆಮ್ಮು ಎರಡನ್ನೂ ಕೊಟ್ಟಳು. ಮಕ್ಕಳು ಬಿದ್ದು ಬಿದ್ದು ನಕ್ಕರು. ಗೋಡೆಯ ಈಚೆ ನನ್ನ ಮಕ್ಕಳೂ ನಕ್ಕರು. ಮೇಡಂ ಕೊನೆಯವರೆಗೂ ತಡೆಯದೆ ಕೇಳಿ, "ಚಲೋ ಹೇಳ್ದೆ, ಕೂತ್ಕೋ" ಎಂದರಷ್ಟೆ.

ಸಂಜೆ ಶಾಲೆಯ ಮೆಟ್ಟಿಲ ಮೇಲೆ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡರು. ಬಸ್ಸಿಗೆ ಹೊತ್ತಾಗುತ್ತಿದೆ ಎಂದು ನಾನು ಚಡಪಡಿಸುತ್ತ ಅಲ್ಲೇ ನಿಂತಿದ್ದೆ.

"ಓದುವಾಗ ಏನಾಗ್ತೈತೆ, ನನಗೆ ದಾರಿ ತೋರ್ಸು" ಎಂದರು.

ಹುಡುಗಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಹೇಳಿದಳು: "ಅಕ್ಷರ ಕಾಣ್ತಾವೆ ಮಿಸ್. ಒಂದನ್ನ ಹಿಡ್ಕೊಂಡು ಮುಂದಿಂದಕ್ಕೆ ಹೋಗೋಷ್ಟೊತ್ತಿಗೆ ಹಿಂದಿಂದು ಹೋಗಿಬಿಟ್ಟಿರ್ತೈತೆ. ಸಾಲು ಮುಗಿಯೋಷ್ಟೊತ್ತಿಗೆ ಕೈಯಾಗೆ ಏನೂ ಇರಲ್ಲ."

ಉಳಿದವರು ಓದುವುದನ್ನು ಕೇಳಿ ಬಾಯಿಪಾಠ ಮಾಡಿಕೊಂಡು ಕೊನೆಗೆ ಒಪ್ಪಿಸುವ ಗುಟ್ಟೂ, ಆ ದಪ್ಪ ಕನ್ನಡಕದ ಕಥೆಯೂ ಆಗಲೇ ಹೊರಬಿದ್ದವು. ಮಗಳಿಗೆ ಓದಲು ಬರುತ್ತಿಲ್ಲವೆಂದು ಅಪ್ಪ ಅವಳನ್ನು ಪಿ.ಜೆ. ಬಡಾವಣೆಯ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದಿದ್ದರು. ಡಾಕ್ಟರು ಕಣ್ಣು ಚೆನ್ನಾಗಿದೆ, ಏನೂ ಬೇಡ ಎಂದರು. ಏನೂ ಬೇಡವೆಂದರೆ ಅಪ್ಪನಿಗೆ ಸಮಾಧಾನವೇ? ಅಂಗಡಿಗೆ ಹೋಗಿ ಪವರಿಲ್ಲದ್ದೇ ಒಂದು ಕನ್ನಡಕ ಹಾಕಿಸಿಕೊಂಡು ಬಂದರು. ಕನ್ನಡಕದಿಂದ ಹುಡುಗಿಗೆ ಓದಲು ಬರಲಿಲ್ಲ, ಆದರೆ ಓದುವವಳ ಹಾಗೆ ಕಾಣತೊಡಗಿದಳು. ಮನೆಯವರು ಎರಡು ವರ್ಷ ಅಷ್ಟರಿಂದಲೇ ನೆಮ್ಮದಿಯಾಗಿದ್ದರು. ಅಮ್ಮನದು ಬೇರೆ ಔಷಧ, ಒಂದೆಲಗದ ಚಟ್ನಿ. ಮಗಳಿಗೆ ಆ ಚಟ್ನಿ ಮಾತ್ರ ಇಷ್ಟವಾಗಿತ್ತಂತೆ.

ಇಷ್ಟು ತಿಳಿದು ಮೇಡಂ ಮುಂದಿನ ದಾರಿ ಯೋಚಿಸುತ್ತಿರುವಾಗಲೇ ಚೈತ್ರಾಳ ಅಪ್ಪ ಟಿ.ಸಿ. ಕೇಳಲು ಬಂದರು. ಮಗಳನ್ನು ಶಾಲೆ ಬಿಡಿಸುತ್ತಾರಂತೆ. ಕೆಟ್ಟ ಮನುಷ್ಯರೇನಲ್ಲ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. "ದಿನಾ ಸಂಜೆ ಪುಸ್ತಕ ಮುಂದಿಟ್ಕೊಂಡು ಅಳ್ತಾಳ್ರೀ. ನಾನು ಬೈತೀನಿ, ಅವಳು ಅಳ್ತಾಳೆ, ಅವರಮ್ಮ ಉಣ್ಣಲ್ಲ. ಗಮನ ಕೊಡು, ಗಮನ ಕೊಡು ಅಂತ ಹೇಳಿ ನನಗೂ ಸಾಕಾತು. ಅಳಿಸೋ ಸಾಲಿ ನಮಗ್ಯಾಕ ಬೇಕು? ಮನೇಲಿ ನಗ್ತಾ ಇರ್ಲಿ ಬಿಡ್ರಿ" ಎಂದರು. ಹತ್ತನೇ ಕ್ಲಾಸಿನ ರಿಸಲ್ಟಿನ ಚಿಂತೆಯಲ್ಲೇ ವರ್ಷವಿಡೀ ಇರುವ ನಮ್ಮ ಹೆಡ್‌ಮಾಸ್ಟರು ಪೆನ್ನಿನ ಮುಚ್ಚಳವನ್ನೂ ತೆಗೆದರು.

ಮೇಡಂ ವಾದಿಸಲಿಲ್ಲ. "ಶನಿವಾರ ಪಾಲಕರ ಸಭೆ ಐತೆ. ಮನೆಯವರನ್ನೂ ಕರ್ಕೊಂಡು ಬರ್ರಿ. ಸಭೆ ಮುಗಿದ ಮೇಲೂ ಬೇಕು ಅನ್ಸಿದ್ರೆ ಟಿ.ಸಿ. ನಾನೇ ಕೊಡಿಸ್ತೀನಿ" ಎಂದರು. ಹೆಡ್‌ಮಾಸ್ಟರು ಮುಚ್ಚಳ ಹಾಕಿದರು.

ಬಸ್ಸಿನಲ್ಲಿ ನಾನು ಕೇಳಿದೆ, "ಸಭೇಲಿ ಏನ್ ಹೇಳ್ತೀರಿ ಮೇಡಂ?"

"ಹೇಳೋದೇನಿಲ್ಲ ಸರ. ಹೇಳಿದ್ರೆ ನೀವೇ ಕೇಳಲ್ಲ, ಅವರು ಕೇಳ್ತಾರಾ? ಆಟ ಆಡ್ಸೋದು" ಎಂದು ನಕ್ಕು, ಕಿಟಕಿಯಾಚೆ ಹೂವಿನವಳನ್ನು ಕೂಗಿದರು.

ಶನಿವಾರ ಶಾಲೆಯ ಅಂಗಳ ಗುಡಿಸಿ ನೀರು ಹಾಕಿಸಿದ್ದರು. ಪಾಲಕರು ಬಂದು ಕೂತ ಮೇಲೆ ಮೇಡಂ ಬುಟ್ಟಿಯಿಂದ ರಂಗೋಲಿ ಪುಡಿಯ ಡಬ್ಬಿಗಳನ್ನು ತೆಗೆದು, ಅಪ್ಪಂದಿರಿಗೆ ರಂಗೋಲಿ ಸ್ಪರ್ಧೆ ಎಂದು ಸಾರಿದರು. ಅಮ್ಮಂದಿರಿಗೆ ಇಲ್ಲ, ಅವರು ತೀರ್ಪುಗಾರರು. ಹೊಸ ರಂಗೋಲಿಯೇನೂ ಬೇಡ. ಇವತ್ತು ಬೆಳಿಗ್ಗೆ ನಿಮ್ಮ ಮನೆ ಬಾಗಿಲ ಮುಂದೆ ಹಾಕಿದ್ದನ್ನೇ ಇಲ್ಲಿ ಬಿಡಿಸಬೇಕು, ಅಷ್ಟೆ. ಹೆಡ್‌ಮಾಸ್ಟರನ್ನೂ ನನ್ನನ್ನೂ ಬಿಡಲಿಲ್ಲ.

ಗಂಡಸರೆಲ್ಲ ನಾಚುತ್ತ, ಒಬ್ಬರನ್ನೊಬ್ಬರು ದೂಡುತ್ತ ಅಂಗಳಕ್ಕಿಳಿದರು. ಪುಡಿ ಬೆರಳ ಸಂದಿಯಿಂದ ಒಂದೇ ಸಲಕ್ಕೆ ಸುರಿಯುವುದು ಹೇಗೆಂದು ಅಂದು ಕಂಡೆವು. ಹೆಡ್‌ಮಾಸ್ಟರು ತಾವರೆ ಎಂದು ಹಾಕಿದ್ದನ್ನು ಹೆಂಗಸರು ಏಡಿ ಎಂದು ತೀರ್ಮಾನಿಸಿದರು. ನಾನು ಜ್ಯಾಮಿತಿಯ ಮೇಷ್ಟ್ರು, ಬೋರ್ಡಿನ ಮೇಲೆ ಕೈಯಲ್ಲೇ ವೃತ್ತ ಎಳೆಯುವವನು. ಚುಕ್ಕಿ ಇಟ್ಟೆ, ಗೆರೆ ಎಳೆದೆ, ಒಂದು ಸುತ್ತು ಸುತ್ತಿ ಮೊದಲಿಗೆ ಬರಬೇಕಾದ ಗೆರೆ ಎಲ್ಲೋ ಹೊರಟು ಕಾಂಪೌಂಡಿನ ಕಡೆ ಹೋಯಿತು. ಮದುವೆಯಾದಾಗಿನಿಂದ ನಮ್ಮ ಮನೆಯಾಕೆ ದಿನಾ ಹಾಕುವ ರಂಗೋಲಿ ಅದು.

ಬಳೆ ವ್ಯಾಪಾರದ ಸಾಹೇಬರೊಬ್ಬರು ಕೈಕಟ್ಟಿ ನಿಂತು ನಗುತ್ತಿದ್ದರು. "ನಮ್ಮನೇಲಿ ರಂಗೋಲಿ ಇಲ್ಲಲ್ಲ ಮೇಡಂ, ನಾನು ಬಚಾವ್" ಎಂದರು.

"ಹಂಗೆಲ್ಲ ಬಿಡಲ್ಲ. ಪಕ್ಕದ ಮನೆದು ಹಾಕ್ರಿ."

ಸಾಹೇಬರು ಗೊಣಗುತ್ತ ಕೂತರು, ನೋಡನೋಡುತ್ತ ಎಂಟೆಸಳಿನ ಹೂವೊಂದನ್ನು ಹೆಚ್ಚುಕಡಿಮೆ ಸರಿಯಾಗಿಯೇ ಬಿಡಿಸಿದರು. ಅಂಗಳವೆಲ್ಲ ಚಪ್ಪಾಳೆ. ಇದು ಹೇಗೆ ಬಂತೆಂದು ಎಲ್ಲರಿಗೂ ಆಶ್ಚರ್ಯ. "ಓಣಿ ಸಣ್ಣದು ಮೇಡಂ. ದಿನಾ ಬೆಳಿಗ್ಗೆ ಬಳೆ ಗಾಡಿ ಅದರ ಪಕ್ಕಾನೇ ತಳ್ಕೊಂಡು ಹೋಗ್ಬೇಕು. ಚಕ್ರ ತಾಕಿದ್ರೆ ಅಕ್ಕ ಬೈತಾಳೆ. ಎಲ್ಲಿ ತಿರುಗ್ತೈತೆ, ಎಲ್ಲಿ ಮುಗೀತೈತೆ, ನೋಡ್ಲೇಬೇಕಲ್ರೀ" ಎಂದು ಸಾಹೇಬರು ಕೈ ಒರೆಸಿಕೊಂಡರು. ಕಲಿಯುವುದಕ್ಕೆ ಒಬ್ಬೊಬ್ಬರಿಗೆ ಒಂದೊಂದು ದಾರಿ ಎಂದು ಮೇಡಂ ಆ ಸಭೆಯಲ್ಲಿ ಭಾಷಣ ಮಾಡಬೇಕಾಗಿಯೇ ಬರಲಿಲ್ಲ.

ಚೈತ್ರಾಳ ಅಪ್ಪ ಮೂಲೆಯಲ್ಲಿ ಕೂತು, ನಾಲಿಗೆ ಕಚ್ಚಿಕೊಂಡು, ಬೆವರಿಳಿಸಿಕೊಂಡು ಹಾಕುತ್ತಿದ್ದರು. ಎಲ್ಲರದ್ದೂ ಮುಗಿದರೂ ಅವರದ್ದು ಮುಗಿಯಲಿಲ್ಲ. ಒಮ್ಮೆ ಅಳಿಸಿದರು, ಮತ್ತೆ ಚುಕ್ಕಿ ಇಟ್ಟರು. ಕೊನೆಗೆ ಎದ್ದು ನಿಂತಾಗ ನೆಲದ ಮೇಲೆ ಇದ್ದದ್ದು ಏನೆಂದು ಹೇಳುವುದು ಕಷ್ಟ. ಅವರ ಹೆಂಡತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗು ತಡೆಯುತ್ತಿದ್ದರು.

ಮೇಡಂ ಹೋಗಿ ಅದರ ಮುಂದೆ ನಿಂತರು. ಅವರ ಮುಖದಲ್ಲಿ ನಗುವಿರಲಿಲ್ಲ. ಆಮೇಲೆ ಅವರು ಮಾತಾಡಿದ ಧ್ವನಿಯನ್ನು ನಾನು ಎಂದೂ ಕೇಳಿರಲಿಲ್ಲ.

"ದಿನಾ ನೋಡ್ತೀರಿ. ದಿನಾ ದಾಟ್ತೀರಿ. ಕಣ್ಣು ಸರಿ ಐತೆ, ಕೈ ಸರಿ ಐತೆ. ಇಷ್ಟು ವರ್ಷ ನೋಡಿದ್ದು ಬರಲ್ಲ ಅಂದ್ರೆ ಏನರ್ಥ? ಗಮನ ಇಲ್ಲ ನಿಮಗೆ. ಸೋಮಾರಿತನ."

ಈ ಮಾತುಗಳನ್ನು ಅಲ್ಲಿದ್ದ ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ, ನಾವು ತರಗತಿಯಲ್ಲಿ, ಆಡಿದವರೇ. ಆ ಮನುಷ್ಯ ಪುಡಿ ಮೆತ್ತಿದ ಕೈಗಳನ್ನು ನೋಡಿಕೊಂಡು, ಸಣ್ಣ ಧ್ವನಿಯಲ್ಲಿ, "ಗಮನ ಕೊಟ್ಟೇ ಹಾಕೀನ್ರಿ ಮೇಡಂ" ಎಂದರು.

ಹಿಂದಿನಿಂದ ಚೈತ್ರಾ ಹೇಳಿದಳು: "ಅಪ್ಪಾ, ನಾನೂ ದಿನಾ ಅದನ್ನೇ ಹೇಳ್ತಿದ್ದೆ."

ಅಪ್ಪ ತಿರುಗಿ ಮಗಳನ್ನು ನೋಡಿದರು. ಮಗಳ ತಲೆ ಮುಟ್ಟಲು ಹೋಗಿ, ಕೈಯಲ್ಲಿ ಪುಡಿಯಿದೆ ಎಂದು ನೆನಪಾಗಿ, ಮತ್ತೆ ಮುಟ್ಟಿಯೇಬಿಟ್ಟರು. ಹುಡುಗಿಯ ಜಡೆಯೆಲ್ಲ ಬಿಳಿ. ಮೊದಲು ನಕ್ಕವರು ಮೇಡಂ, ಆಮೇಲೆ ಎಲ್ಲರೂ. ಕಣ್ಣು ಒರೆಸಿಕೊಂಡವರೂ ಇದ್ದರು, ಅವರಲ್ಲಿ ನಾನೂ ಒಬ್ಬ.

ಅಂದು ಟಿ.ಸಿ.ಯ ಮಾತು ಬರಲಿಲ್ಲ. ಆದರೆ ತಜ್ಞರಿಂದ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ತರಬೇಕು, ಅದಿದ್ದರೆ ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಹೆಚ್ಚು ಸಮಯ ಸಿಗುತ್ತದೆ, ಹೇಳಿದ್ದನ್ನು ಬರೆದುಕೊಡುವವರೊಬ್ಬರು ಸಿಗುತ್ತಾರೆ ಎಂದಾಗ ಅಪ್ಪ ಮತ್ತೆ ಹಿಂಜರಿದರು. "ಅದು ಜೀವನಪೂರ್ತಿ ಅಂಟ್ಕೊಳ್ಳಲ್ವಾ ಮೇಡಂ? ನಾಳೆ ಮದುವಿ ಮಾಡೋವಾಗ ಯಾರಾದ್ರೂ ಕೇಳಿದ್ರೆ?"

"ಎರಡು ವರ್ಷ ಸುಳ್ಳು ಕನ್ನಡಕ ಹಾಕ್ಸಿದ್ರಲ್ಲ, ಆಗ ಯಾರಾದ್ರೂ ಕೇಳಿದ್ರಾ? ಇದು ಖರೇ ಕನ್ನಡಕ. ಇದನ್ನ ಹಾಕ್ಸೋಕೆ ನಾಚ್ಕೆ ಯಾಕ?" ಎಂದರು ಮೇಡಂ. ಅಪ್ಪನಿಗೆ ನಗು ಬಂತು. ನಗು ಬಂದ ಮೇಲೆ ಆ ಮನುಷ್ಯ ಇಲ್ಲವೆನ್ನಲಾರರು ಎಂದು ಮೇಡಂ ಅಷ್ಟರಲ್ಲಿ ಕಂಡುಕೊಂಡಿದ್ದರು.

ಮುಂದಿನದೆಲ್ಲ ನಿಧಾನದ ಕೆಲಸ. ಮೇಡಂ ಅವಳಿಂದ ರಂಗೋಲಿ ಪುಡಿಯ ತಟ್ಟೆಯಲ್ಲಿ ಬೆರಳಿನಿಂದ ಬರೆಸುತ್ತಿದ್ದರು, ಬರೆಯುತ್ತಲೇ ಗಟ್ಟಿಯಾಗಿ ಹೇಳಿಸುತ್ತಿದ್ದರು. ಸಾಲಿನ ಕೆಳಗೆ ರಟ್ಟಿನ ಪಟ್ಟಿ ಇಟ್ಟು, ಒಂದೊಂದೇ ಪದ ಬಿಡಿಸಿ ಓದಿಸುತ್ತಿದ್ದರು. ಎಷ್ಟೋ ದಿನ ನಿನ್ನೆ ಬಂದದ್ದು ಇವತ್ತು ಬರುತ್ತಿರಲಿಲ್ಲ. "ಅದಕ್ಕೇನಂತೆ" ಎಂದು ಮತ್ತೆ ತಟ್ಟೆ ಅಲ್ಲಾಡಿಸಿ ಸಮ ಮಾಡುತ್ತಿದ್ದರು.

ಪಾಠಗಳನ್ನೆಲ್ಲ ತಮ್ಮ ಧ್ವನಿಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿ ಅವಳ ಅಪ್ಪನಿಗೆ ಕಳಿಸುತ್ತಿದ್ದರು. ಬಸ್ಸಿನಲ್ಲೂ ಬಿಡುವಿರಲಿಲ್ಲ. ಸಮಾಜವಿಜ್ಞಾನದ ಪಾಠದ ನಡುವೆ, "ಏ ಸೊಪ್ಪಿನಕ್ಕಾ, ಮೆಂತ್ಯ ಐತಾ?" ಎಂಬ ದನಿಯೂ ಅದರಲ್ಲಿ ಸೇರಿಹೋಗುತ್ತಿತ್ತು. ಅಪ್ಪ ಅದನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹರಿಹರಕ್ಕೂ ದಾವಣಗೆರೆಗೂ ಲೋಡು ಸಾಗಿಸುತ್ತಿದ್ದರು. ರಜೆಯ ದಿನ ಮಗಳೂ ಪಕ್ಕದಲ್ಲಿ. ಕೆಲವೇ ತಿಂಗಳಲ್ಲಿ ಅಪ್ಪನಿಗೆ ಪಾಠಗಳೆಲ್ಲ ಬಾಯಿಪಾಠ. ಚಹಾದಂಗಡಿಯಲ್ಲಿ ನಿಂತು ನೀರಾವರಿಯ ಮೇಲೆ ಮಾತಾಡಿದರೆ ಜನ ಬಾಯಿಬಿಟ್ಟು ಕೇಳುತ್ತಿದ್ದರಂತೆ. ಲೆಕ್ಕದ ಪಾಠವನ್ನೂ ರೆಕಾರ್ಡ್ ಮಾಡಿಕೊಡಿ ಎಂದು ಮೇಡಂ ನನ್ನ ಬೆನ್ನು ಬಿದ್ದರು. ಮಾಡಿಕೊಟ್ಟೆ. ಅದನ್ನು ಕೇಳಿದರೆ ಅಪ್ಪನಿಗೆ ಆಟೋದಲ್ಲಿ ನಿದ್ದೆ ಬರುತ್ತದೆ ಎಂದು ದೂರು ಬಂದಿದ್ದರಿಂದ ನಿಲ್ಲಿಸಬೇಕಾಯಿತು.

ಒಮ್ಮೆ ಊರಿನ ಗಣ್ಯರೊಬ್ಬರು ಶಾಲೆಗೆ ಬಂದಾಗ, ಇಂಥ ಮಕ್ಕಳಲ್ಲಿ ದೇವರು ಬೇರೆ ಏನೋ ಒಂದು ಅದ್ಭುತ ಪ್ರತಿಭೆ ಇಟ್ಟಿರುತ್ತಾನೆ, ಈ ಹುಡುಗಿಯದೇನು ಎಂದು ಕೇಳಿದರು. ಮೇಡಂ ಹೇಳಿದ್ದು ನನಗೆ ಇನ್ನೂ ನೆನಪಿದೆ: "ಅದ್ಭುತ ಏನಿಲ್ಲ ಸಾರ್. ಹಾಡು ಬರಲ್ಲ, ಚಿತ್ರ ಬರಲ್ಲ, ರಂಗೋಲಿ ಅವರಪ್ಪನಿಗಿಂತ ಕೆಟ್ಟದಾಗಿ ಹಾಕ್ತಾಳೆ. ಸಾಮಾನ್ಯ ಹುಡುಗಿ. ಸಾಮಾನ್ಯರಿಗೂ ಓದೋಕೆ ಬರಬೇಕಲ್ಲ?" ಚೈತ್ರಾ ಪಕ್ಕದಲ್ಲೇ ನಿಂತು ಹೆಮ್ಮೆಯಿಂದ ತಲೆಯಾಡಿಸಿದಳು.

ಮೇಡಂ ನಿವೃತ್ತರಾದ ವರ್ಷವೇ ಅವಳು ಹತ್ತನೇ ಕ್ಲಾಸಿನ ಪರೀಕ್ಷೆ ಬರೆದಳು. ಕೆಳಗಿನ ತರಗತಿಯ ಹುಡುಗಿಯೊಬ್ಬಳು ಇವಳು ಹೇಳಿದ್ದನ್ನು ಬರೆದುಕೊಟ್ಟಳು. ಪಾಸಾದಳು. ದೊಡ್ಡ ದರ್ಜೆಯೇನಲ್ಲ, ಪಾಸು. ಪ್ರಶ್ನೆಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಓದಿಕೊಂಡಿದ್ದಳು ಎಂಬುದು ಮೇಡಂಗೆ ಪಾಸಿಗಿಂತ ದೊಡ್ಡ ಸುದ್ದಿ. ಅವಳ ಅಪ್ಪ ಸ್ಟಾಫ್ ರೂಮಿಗೆ ಮಿರ್ಚಿ, ಮಂಡಕ್ಕಿ, ಪೇಡೆ ತಂದು ಸುರಿದರು. ಹೆಡ್‌ಮಾಸ್ಟರು ಸಕ್ಕರೆ ಕಾಯಿಲೆ ಮರೆತು, ಕೊನೆಗೆ ಉಳಿದಿದ್ದ ಒಂದೇ ಪೇಡೆಯನ್ನು ತಿಂದುಬಿಟ್ಟರು.

ಅದಾಗಿ ಕೆಲವೇ ದಿನಕ್ಕೆ ಮೇಡಂ ಅವರ ಬೀಳ್ಕೊಡುಗೆ. ಅಂದು ಬೆಳಿಗ್ಗೆ ಬಸ್ಸಿಳಿದು ನಾವಿಬ್ಬರೂ ಶಾಲೆಯ ಗೇಟಿಗೆ ಬಂದಾಗ ನೆಲದ ಮೇಲೆ ಒಂದು ದೊಡ್ಡ ಚುಕ್ಕಿ ರಂಗೋಲಿ. ಪಕ್ಕದಲ್ಲಿ ಮೊಣಕೈವರೆಗೂ ಬಿಳಿಯಾಗಿ ನಿಂತಿದ್ದವರು ಚೈತ್ರಾಳ ಅಪ್ಪ. ಹಿಂದೆ ಹೆಂಡತಿ, ಮಗಳು. ಪುಡಿ ಮುಟ್ಟಲು ಅವರಿಬ್ಬರಿಗೂ ಬಿಟ್ಟಿಲ್ಲವಂತೆ. ಪಾಲಕರ ಸಭೆಯ ದಿನ ಬಾರದಿದ್ದ ಅದೇ ಮನೆಬಾಗಿಲ ರಂಗೋಲಿ. ಬೆಳಿಗ್ಗೆ ಹೆಂಡತಿ ಹಾಕುವಾಗ ಪಕ್ಕದಲ್ಲಿ ಕೂತು ಕಲಿತದ್ದಂತೆ.

ಚೆನ್ನಾಗಿಯೇ ಬಂದಿತ್ತು. ಎಡಗಡೆ ಮಾತ್ರ ಒಂದು ಗೆರೆ, ಹೋಗಬೇಕಾದ ಚುಕ್ಕಿ ಬಿಟ್ಟು ಪಕ್ಕದ್ದಕ್ಕೆ ಹೋಗಿತ್ತು. ಲೆಕ್ಕದ ಮೇಷ್ಟ್ರಾದ ನನಗೆ ಮೊದಲು ಕಂಡಿದ್ದೇ ಅದು. ಬಾಯಿ ತೆರೆಯುವವನಿದ್ದೆ, ಮೇಡಂ ನನ್ನ ಕೈ ಒತ್ತಿದರು. ಕೈಚೀಲವನ್ನು ನನಗೆ ಕೊಟ್ಟು, ಬೀಳ್ಕೊಡುಗೆಗೆಂದು ಉಟ್ಟಿದ್ದ ರೇಷ್ಮೆ ಸೀರೆಯಲ್ಲೇ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಆ ಗೆರೆಯ ಮೇಲೆ ಬೆರಳು ತೋರಿಸಿದರು.

"ಹೆಂಗೆ ಬಂತಿದು? ದಾರಿ ತೋರ್ಸ್ರಿ."

ಆ ಮನುಷ್ಯ ಎದುರಿಗೆ ಕೂತು ಬೆರಳಿನಿಂದ ತೋರಿಸತೊಡಗಿದರು, ಇಲ್ಲಿಂದ ಹೊರಟೆ, ಹಿಂಗೆ ಸುತ್ತಿದೆ, ಇಲ್ಲಿ ತಿರುಗಿದೆ. ತಪ್ಪಿದ ಜಾಗಕ್ಕೆ ಬಂದಾಗ ಅವರ ಬೆರಳು ನಿಂತಿತು. ತಲೆ ಎತ್ತಿ, ಶಾಲೆಯ ಹುಡುಗನ ಹಾಗೆ ನೋಡಿದರು.

"ಗಮನ ಕೊಟ್ಟೇ ಹಾಕೀನ್ರಿ ಮೇಡಂ."

"ಗೊತ್ತೈತೆ" ಎಂದರು ಮೇಡಂ. "ಕಾಣ್ತೈತೆ."

ಆ ಗೆರೆಯನ್ನು ಅಳಿಸಲು ಯಾರಿಗೂ ಬಿಡಲಿಲ್ಲ ಅವರು. ಅಂದು ಇಡೀ ಶಾಲೆ ಗೇಟಿನ ಅಂಚಿನಲ್ಲಿ ಒಬ್ಬೊಬ್ಬರಾಗಿ ನುಸುಳಿ ಒಳಗೆ ಹೋಯಿತು, ಹೆಡ್‌ಮಾಸ್ಟರೂ ಸೇರಿ.